ಕೌದಿ ಯಂತ್ರಕ್ಕೇರುವ ಮುನ್ನ

ಮಾನ್ಯ ಸಂಪಾದಕರೇ,

ಲಾಂಗ್‌ಆರ್ಮ್ ಯಂತ್ರ ಕೌದಿ ಹೊಲಿಯುವುದನ್ನು ಮೊಬೈಲಿನಲ್ಲಿ ನೋಡುತ್ತ ಕೂತರೆ ಒಲೆಯ ಮೇಲಿಟ್ಟ ಹಾಲು ಉಕ್ಕಿದ್ದೂ ಗೊತ್ತಾಗುವುದಿಲ್ಲ. 12 ಅಡಿ ಉದ್ದದ ಚೌಕಟ್ಟು, ಅದರ ಮೇಲೆ ಹರಡಿದ ಬಟ್ಟೆ, ಹಳಿಯ ಮೇಲೆ ಜಾರುತ್ತ ಎಲೆ ಬಳ್ಳಿ ಸುರುಳಿಗಳನ್ನು ಬಿಡಿಸಿಕೊಂಡು ಹೋಗುವ ಯಂತ್ರ. ಕೈಯಲ್ಲಾದರೆ ವಾರಗಟ್ಟಲೆ ಹಿಡಿಯುವ ಹೊಲಿಗೆ, ವಿನ್ಯಾಸ ಸರಳವಾಗಿದ್ದರೆ, ಅರ್ಧ ದಿನದಲ್ಲಿ ಮುಗಿಯುತ್ತದೆ. ಹೋಂಸ್ಟೇಗಳಿಗೆ ತೇಪೆ ಹೊದಿಕೆ ಹೊಲಿದುಕೊಡುವ ಕೊಡಗಿನ ಮಹಿಳೆಯರ ಗುಂಪುಗಳಿಗೆ ಇದನ್ನು ಕಂಡು ಆಸೆಯಾಗುವುದು ಸಹಜವೇ. ಆದರೆ ಸಾಲಕ್ಕೋ ಸಹಾಯಧನಕ್ಕೋ ಅರ್ಜಿ ಬರೆಯುವ ಮೊದಲು ತಿಳಿದಿರಬೇಕಾದ ಸಂಗತಿಗಳಿವೆ. ವಿಡಿಯೊದಲ್ಲಿ ಕಾಣುವುದು ಕೆಲಸದ ಕೊನೆಯ ಭಾಗ ಮಾತ್ರ. ಅದಕ್ಕೂ ಮುಂಚಿನದು ಇಸ್ತ್ರಿ ಮೇಜಿನ ಮೇಲೆ, ಅಳತೆ ಟೇಪಿನ ಜೊತೆ ಮುಗಿದಿರುತ್ತದೆ. ಅಲ್ಲಿ ತಪ್ಪಿದ್ದನ್ನು ಯಂತ್ರ ತಿದ್ದುವುದಿಲ್ಲ, ಇಂಚಿಗೆ ಹತ್ತು ಹೊಲಿಗೆ ಹಾಕಿ ಕಾಯಂ ಮಾಡಿಬಿಡುತ್ತದೆ.

ಈ ಯಂತ್ರದ ನಡೆ ಮನೆಯ ಹೊಲಿಗೆ ಯಂತ್ರಕ್ಕೆ ತಿರುಗುಮುರುಗು. ಮನೆಯದರಲ್ಲಿ ಸೂಜಿ ನಿಂತಲ್ಲೇ ಏರಿಳಿಯುತ್ತದೆ, ಪಾದದ ಕೆಳಗಿನ ಹಲ್ಲು ಬಟ್ಟೆಯನ್ನು ಹಿಂದಕ್ಕೆ ತಳ್ಳುತ್ತದೆ. ಲಾಂಗ್‌ಆರ್ಮ್‌ಗೆ ಆ ಹಲ್ಲೇ ಇಲ್ಲ. ಬಟ್ಟೆ ಉರುಳೆಗಳ ನಡುವೆ ಸುಮ್ಮನೆ ಮಲಗಿರುತ್ತದೆ, ಗಾಲಿಯ ಮೇಲೆ ಕೂತ ಯಂತ್ರವೇ ಎಡಬಲ ಹಿಂದೆಮುಂದೆ ಓಡಾಡುತ್ತದೆ. ಸೂಜಿಯಿಂದ ಹಿಂಬದಿಯ ಕಂಬದವರೆಗೆ ಸಾಮಾನ್ಯವಾಗಿ 18ರಿಂದ 26 ಇಂಚು ಜಾಗ ಇರುವುದರಿಂದ ಲಾಂಗ್‌ಆರ್ಮ್, ಎಂದರೆ ಉದ್ದ ತೋಳು, ಎಂಬ ಹೆಸರು. ಮನೆಯ ಯಂತ್ರದಲ್ಲಿ ಈ ಜಾಗ ಒಂದು ಗೇಣೂ ಬರುವುದಿಲ್ಲ. 26 ಇಂಚಿನದನ್ನು ಕೊಂಡರೆ ಒಂದೇ ಸಲಕ್ಕೆ 26 ಇಂಚು ಹೊಲಿಯಬಹುದೆಂದು ಲೆಕ್ಕ ಹಾಕಬೇಡಿ. ಹೊಲಿದು ಮುಗಿದ ಭಾಗ ಅದೇ ಜಾಗದೊಳಗಿನ ಉರುಳೆಗೆ ಸುತ್ತಿಕೊಳ್ಳುತ್ತ ಹೋಗುವುದರಿಂದ ಕೊನೆಕೊನೆಗೆ ಸೂಜಿ ಆಡುವ ಜಾಗ ಕಿರಿದಾಗುತ್ತದೆ, ದಪ್ಪ ಹತ್ತಿ ತುಂಬಿದ ಡಬಲ್ ಹೊದಿಕೆಯಲ್ಲಂತೂ ಇನ್ನೂ ಹೆಚ್ಚು. ಕೊನೆಯ ಸಾಲಿನಲ್ಲಿ ಎಷ್ಟು ಜಾಗ ಉಳಿಯುತ್ತದೋ ಅದಕ್ಕೆ ತಕ್ಕಂತೆ ಮೊದಲ ಸಾಲಿನ ವಿನ್ಯಾಸದ ಎತ್ತರವನ್ನು ಗೊತ್ತುಮಾಡಬೇಕು.

ಯಂತ್ರವನ್ನು ಬೇಗ ತಳ್ಳಿದರೂ ನಿಧಾನ ತಳ್ಳಿದರೂ ಹೊಲಿಗೆಯ ಉದ್ದ ಒಂದೇ ಸಮ ಬರುವುದು ಸ್ಟಿಚ್ ರೆಗ್ಯುಲೇಟರ್‌ನಿಂದ. ಯಂತ್ರ ಎತ್ತ ಎಷ್ಟು ಸರಿಯಿತು ಎಂಬುದನ್ನು ಗಾಲಿಗೆ ತಾಗಿದ ಸೆನ್ಸರ್‌ಗಳು ಅಳೆದು ಮೋಟಾರಿಗೆ ತಿಳಿಸುತ್ತವೆ. ಹಳಿಯ ಮೇಲೆ ದಾರದ ಚೂರೋ ಹತ್ತಿಯ ಜುಂಗೋ ಅಂಟಿ ಸೆನ್ಸರ್ ಗಾಲಿ ತಿರುಗದೆ ಜಾರಿದರೆ ನಡುವೆ ಒಮ್ಮೆಲೇ ಉದ್ದುದ್ದ ಹೊಲಿಗೆ ಬೀಳುತ್ತದೆ. ಮೆಕ್ಯಾನಿಕ್ಕಿಗೆ ಫೋನು ಮಾಡುವ ಮೊದಲು ಹಳಿಯನ್ನೂ ಗಾಲಿಯನ್ನೂ ಒಣಬಟ್ಟೆಯಲ್ಲಿ ಒರೆಸಿ ನೋಡಿ.

ಇನ್ನು ಬಟ್ಟೆಯ ವಿಷಯ. ಕೈಹೊಲಿಗೆ ರೂಢಿಯಿದ್ದವರು ಮೇಲ್ಬಟ್ಟೆ, ಹತ್ತಿ, ಅಡಿಬಟ್ಟೆ ಮೂರನ್ನೂ ಕಚ್ಚಾ ಹೊಲಿಗೆ ಹಾಕಿ ಒಂದು ಮಾಡಿ ತರುತ್ತಾರೆ. ಲಾಂಗ್‌ಆರ್ಮ್‌ಗೆ ಮೂರೂ ಬಿಡಿಬಿಡಿಯಾಗಿಯೇ ಬೇಕು. ಅಡಿಬಟ್ಟೆ ತನ್ನ ಉರುಳೆಗಳಿಗೆ ಬೇರೆಯಾಗಿ ಬಿಗಿಯುತ್ತದೆ. ಹತ್ತಿಯೂ ಮೇಲ್ಬಟ್ಟೆಯೂ ಅದರ ಮೇಲೆ ಒಂದೊಂದಾಗಿ ಬರುತ್ತವೆ. ಒಂದು ಮಾಡಿ ತಂದದ್ದನ್ನು ಬಿಚ್ಚಿಯೇ ಏರಿಸಬೇಕು, ಆ ಶ್ರಮ ಪೂರ್ತಿ ದಂಡ.

ಅಡಿಬಟ್ಟೆ ನಾಲ್ಕೂ ಬದಿಗೆ 4 ಇಂಚು ಹೆಚ್ಚಿರಬೇಕು. 60 ಇಂಚು ಅಗಲ, 90 ಇಂಚು ಉದ್ದದ ಸಿಂಗಲ್ ಹೊದಿಕೆಗೆ 68 ಇಂಚು ಅಗಲ, 98 ಇಂಚು ಉದ್ದ. ಮೇಲೆ ಕೆಳಗೆ ಉಳಿದದ್ದು ಉರುಳೆಯ ಕ್ಯಾನ್ವಾಸಿಗೆ ಪಿನ್ನು ಹಾಕಲು, ಎಡಬಲಕ್ಕೆ ಉಳಿದದ್ದು ಕ್ಲಿಪ್ಪು ಹಿಡಿಯಲು ಮತ್ತು ದಾರದ ಬಿಗಿ ಪರೀಕ್ಷಿಸಲು. ಬಟ್ಟೆ ಉಳಿಸಲೆಂದು 2 ಇಂಚು ಮಾತ್ರ ಬಿಟ್ಟರೆ ಅಂಚಿನ ಹೂವು ಹೊಲಿಯುವಾಗ ಯಂತ್ರದ ಪಾದ ಕ್ಲಿಪ್ಪಿಗೆ ಬಡಿಯುತ್ತದೆ, ಯಂತ್ರ ಜಗ್ಗಿ ಅಲ್ಲೇ ಗೆರೆ ಸೊಟ್ಟಗಾಗುತ್ತದೆ.

ನಮ್ಮ ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ 44 ಇಂಚು ಪನ್ನದ (ಅಗಲದ) ಬಟ್ಟೆ, ಹಾಗಾಗಿ ಅಡಿಬಟ್ಟೆಗೆ ಜೋಡಣೆ ಬಂದೇ ಬರುತ್ತದೆ. ಜೋಡಿಸುವ ಮುನ್ನ ಎರಡೂ ತುಂಡುಗಳ ಮಗ್ಗದ ಅಂಚನ್ನು ಕತ್ತರಿಸಿ ತೆಗೆಯಬೇಕು. ಆ ಅಂಚಿನಲ್ಲಿ ನೆಯ್ಗೆ ಬಿಗಿ. ಉಳಿದ ಬಟ್ಟೆ ಹಿಗ್ಗಿದಷ್ಟು ಅದು ಹಿಗ್ಗುವುದಿಲ್ಲ, ಜೋಡಣೆಯ ಗುಂಟ ಸುಕ್ಕು ಕಟ್ಟುತ್ತದೆ. ಅರ್ಧ ಇಂಚು ಒಳಗೆ ಹೊಲಿದು ಜೋಡಣೆಯನ್ನು ಎರಡೂ ಕಡೆಗೆ ಬಿಡಿಸಿ ಇಸ್ತ್ರಿ ಮಾಡಿ. ಜೋಡಣೆ ಉರುಳೆಗೆ ಸಮಾಂತರವಾಗಿ ಮಲಗಬೇಕು. ಅಡ್ಡ ಬಂದರೆ ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ಒಂದರ ಮೇಲೊಂದು ಕೂತು ಅಲ್ಲಿ ಉಬ್ಬು ಬೆಳೆಯುತ್ತದೆ, ನಡು ಬಿಗಿಯಾಗಿ ಪಕ್ಕಗಳು ಜೋಲುತ್ತವೆ. ಸಿಂಗಲ್ ಹೊದಿಕೆಗೆ ಸುಲಭದ ದಾರಿಯೆಂದರೆ 98 ಇಂಚಿನ ಎರಡು ತುಂಡುಗಳ ಉದ್ದದ ಅಂಚುಗಳನ್ನು ಜೋಡಿಸಿ, ಹೊದಿಕೆಯ ಉದ್ದ ಉರುಳೆಯ ಗುಂಟ ಬರುವಂತೆ ಅಡ್ಡ ಮಲಗಿಸಿ ಏರಿಸುವುದು. 12 ಅಡಿ ಎಂದರೆ 144 ಇಂಚು, 98 ಧಾರಾಳ ಹಿಡಿಸುತ್ತದೆ. ಎರಡು ತುಂಡಿಗೆ 196 ಇಂಚು, ಎಂದರೆ ಹತ್ತಿರ ಹತ್ತಿರ 5 ಮೀಟರು. ಅಂಗಡಿಯವರ ಕತ್ತರಿ ಸೊಟ್ಟಗೆ ಓಡುವುದೂ ಉಂಟು, ಕಾಲು ಮೀಟರು ಹೆಚ್ಚೇ ಕೊಳ್ಳಿ. ಹೀಗೆ ಅಡ್ಡ ಏರಿಸಿದಾಗ ವಿನ್ಯಾಸ ಹೊದಿಕೆಯ ಉದ್ದಕ್ಕೆ ಓಡುತ್ತದೆ. ಬಳ್ಳಿಗೆ, ಸುರುಳಿಗೆ ಇದರಿಂದ ತೊಂದರೆಯಿಲ್ಲ. ತಲೆ ಕಾಲು ಇರುವ ಹಕ್ಕಿ, ಆನೆ ಇದ್ದರೆ ಅವು ಪಕ್ಕಕ್ಕೆ ಮಲಗಿಬಿಡುತ್ತವೆ!

ಮೇಲ್ಬಟ್ಟೆಯಲ್ಲಿ ಹೆಚ್ಚಿನ ತಕರಾರು ಅಂಚುಪಟ್ಟಿಯದು. ಉದ್ದನೆಯ ಪಟ್ಟಿಯೊಂದನ್ನು ಕತ್ತರಿಸಿ, ಅಳೆಯದೆ ಒಂದು ಮೂಲೆಯಿಂದ ಹೊಲಿಯುತ್ತ ಹೋಗಿ, ಕೊನೆಗೆ ಮಿಕ್ಕಿದ್ದನ್ನು ಕತ್ತರಿಸುವ ಅಭ್ಯಾಸ ಹಲವರಿಗಿದೆ. ಹೊಲಿಯುವಾಗ ಪಟ್ಟಿ ಗೊತ್ತಿಲ್ಲದಂತೆ ಹಿಗ್ಗುತ್ತದೆ, ಅಂಚು ಹಪ್ಪಳದ ಹಾಗೆ ಅಲೆ ಏಳುತ್ತದೆ. ನೆಲದ ಮೇಲೆ ಹರಡಿದಾಗ ಕೈಯಲ್ಲಿ ಸವರಿ ಸರಿಮಾಡಬಹುದು, ಚೌಕಟ್ಟಿಗೆ ಏರಿದಾಗ ಆ ಹೆಚ್ಚುವರಿ ಬಟ್ಟೆಗೆ ಹೋಗಲು ಜಾಗವಿಲ್ಲ, ನೆರಿಗೆಯಾಗಿ ಹೊಲಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ. ತೇಪೆಯ ಭಾಗವನ್ನು ನಡುವೆ ಒಂದು ಕಡೆ, ಎರಡೂ ಬದಿಗೆ ಹತ್ತಿರ ಒಂದೊಂದು ಕಡೆ, ಹೀಗೆ ಮೂರು ಜಾಗದಲ್ಲಿ ಅಳೆದು ಸರಾಸರಿ ಅಳತೆಗೆ ಪಟ್ಟಿ ಕತ್ತರಿಸಿ. ಮೊದಲು ನಡುವಿಗೆ ಮತ್ತು ಎರಡು ತುದಿಗೆ ಪಿನ್ನು ಹಾಕಿ, ಆಮೇಲೆ ಹೊಲಿಯಿರಿ. ಅಲೆ ಅಲ್ಪಸ್ವಲ್ಪವಿದ್ದರೆ ತುಸು ಉಬ್ಬುವ ಹತ್ತಿ ಹಾಕಿ, ಹಬೆ ಇಸ್ತ್ರಿ ಕೊಟ್ಟು ಸುಧಾರಿಸಬಹುದು. ಕೈಯಲ್ಲಿ ಹಿಡಿ ಹಿಡಿ ಬಟ್ಟೆ ಸಿಗುವಷ್ಟಿದ್ದರೆ ಪಟ್ಟಿ ಬಿಚ್ಚುವುದೊಂದೇ ದಾರಿ.

ತೇಪೆಗಳ ಜೋಡಣೆಯಲ್ಲಿ ಒಳಗೆ ಬಿಟ್ಟ ಅಂಚು ಕಾಲು ಇಂಚಿಗಿಂತ ಕಡಿಮೆಯಾದರೆ ಚೌಕಟ್ಟಿನ ಎಳೆತಕ್ಕೆ ಬಿಟ್ಟುಕೊಳ್ಳುತ್ತದೆ. ಮೇಲ್ಬಟ್ಟೆಯ ಸುತ್ತ ಅಂಚಿನಿಂದ ಇಂಚಿನ ಎಂಟನೇ ಒಂದು ಭಾಗದಷ್ಟು ಒಳಗೆ ಒಂದು ಸುತ್ತು ಹೊಲಿಗೆ ಹಾಕಿಟ್ಟರೆ ಆ ಭಯವಿಲ್ಲ. ಹಿಂಬದಿಯಲ್ಲಿ ನೇತಾಡುವ ಕಪ್ಪು, ಕೆಂಪು ದಾರವನ್ನೆಲ್ಲ ಕತ್ತರಿಸಿ, ಬಿಳಿ ತೇಪೆಯಡಿ ಸಿಕ್ಕಿದರೆ ಹೊರಗೆ ಗೆರೆಯಾಗಿ ಕಾಣುತ್ತದೆ, ಆಮೇಲೆ ತೆಗೆಯಲಾಗದು. ಎಂಟು ತುದಿ ಒಂದೆಡೆ ಸೇರುವ ನಕ್ಷತ್ರದ ನಡುವನ್ನು ಬಿಡಿಸಿ ಇಸ್ತ್ರಿ ಮಾಡದೆ ಕೊಟ್ಟರೆ ಸೂಜಿ ಅಲ್ಲಿಯೇ ಮುರಿಯುವುದು. ಲಂಬಾಣಿ ಕಸೂತಿಯ ತುಂಡು ಸೇರಿಸಿದ್ದರೆ ಕನ್ನಡಿ, ಗುಂಡಿ, ಕವಡೆಗಳನ್ನು ಹೊಲಿಗೆಯೆಲ್ಲ ಮುಗಿದ ಮೇಲೆ ಕೈಯಲ್ಲಿ ಕೂರಿಸಿ. ನಿಮಿಷಕ್ಕೆ 1,800 ಹೊಲಿಗೆಯ ಓಟದಲ್ಲಿ ಕನ್ನಡಿಗೆ ಸೂಜಿ ಬಡಿದರೆ ಚೂರು ಕಣ್ಣಿಗೂ ಹಾರಬಹುದು.

ಹತ್ತಿಯ ಬಗ್ಗೆ ನಿಷ್ಠುರವಾಗಿಯೇ ಹೇಳಬೇಕು. ಹಾಸಿಗೆಗೆ ತುಂಬುವ ಹಿಂಜಿದ ಹತ್ತಿ ಈ ಯಂತ್ರಕ್ಕೆ ಆಗದು. ಅದರ ಎಳೆಗಳು ಒಂದಕ್ಕೊಂದು ಹೆಣೆದಿರುವುದಿಲ್ಲ, ಉರುಳೆ ಸುತ್ತುವಾಗ ಸರಿದು ಒಂದೆಡೆ ಗಂಟು, ಒಂದೆಡೆ ಖಾಲಿ ಆಗುತ್ತದೆ, ಜುಂಗು ಹೋಗಿ ಕೆಳದಾರದ ಬಾಬಿನ್ ಸುತ್ತಲಿನ, ದಾರ ಹಿಡಿಯುವ ಹುಕ್ಕಿನಲ್ಲಿ ತುಂಬುತ್ತದೆ. ದಿಂಬಿಗೆ ತುಂಬುವ ಬೂರುಗದ ಹತ್ತಿಯಂತೂ ಇನ್ನೂ ಜಾರು, ಸೂಜಿ ತೂತುಗಳಿಂದಲೇ ಹೊರಬರುತ್ತದೆ. ಇಲ್ಲಿಗೆ ಬೇಕಾದದ್ದು ಹಾಳೆಯಾಗಿ ಬರುವ ಬ್ಯಾಟಿಂಗ್: ಪೂರ್ತಿ ಹತ್ತಿಯದು, ನೂರಕ್ಕೆ 80 ಹತ್ತಿ 20 ಪಾಲಿಯೆಸ್ಟರ್ ಬೆರೆತದ್ದು, ಇಲ್ಲವೇ ಪಾಲಿಯೆಸ್ಟರ್. ಹೊಲಿಗೆಯ ಸಾಲುಗಳ ನಡುವೆ ಹೆಚ್ಚೆಂದರೆ ಎಷ್ಟು ಇಂಚು ಬಿಡಬಹುದೆಂದು ತಯಾರಕರು ಬ್ಯಾಟಿಂಗ್‌ನ ಪೊಟ್ಟಣದ ಮೇಲೆ ಅಚ್ಚು ಹಾಕಿರುತ್ತಾರೆ, ಅದನ್ನು ಮೀರಿ ಬಿಟ್ಟರೆ ಒಗೆದಾಗ ಒಳಗೆ ಮುದ್ದೆಯಾಗುತ್ತದೆ. ಹತ್ತಿಯ ಬ್ಯಾಟಿಂಗ್ ಮೊದಲ ಒಗೆತಕ್ಕೆ ನೂರಕ್ಕೆ 3ರಿಂದ 5ರಷ್ಟು ಕುಗ್ಗುವುದು ಸಾಮಾನ್ಯ, 90 ಇಂಚಿನ ಹೊದಿಕೆ 86ಕ್ಕೂ ಇಳಿಯಬಹುದು. ಹಳೆಯ ಕೌದಿಯ ಹಾಗೆ ಸುಕ್ಕು ಸುಕ್ಕಾಗಿ ಕಾಣುವುದು ಇದರಿಂದಲೇ. ಹಾಸಿಗೆಯ ಅಳತೆಗೆ ಸರಿಯಾಗಿ ಬೇಕೆಂದು ಕೇಳುವ ಗಿರಾಕಿಗೆ ಇದನ್ನು ಮೊದಲೇ ತಿಳಿಸಿ.

ಏರಿಸುವಾಗ ಅಡಿಬಟ್ಟೆಯನ್ನು ಮೊದಲು ಬಿಗಿದು, ಅದರ ಮೇಲೆ ಹತ್ತಿ ಹಾಸಿ, ಮೇಲ್ಬಟ್ಟೆಯ ತಲೆಯಂಚನ್ನು ಯಂತ್ರ ಎಡಬಲಕ್ಕೆ ಓಡುವ ನೇರ ಗೆರೆಗೆ ಹೊಂದಿಸಿ ಒಂದು ಸಾಲು ಹೊಲಿದು ಕೂರಿಸುತ್ತಾರೆ. ಎಷ್ಟು ಬಿಗಿ ಇರಬೇಕು? ಕೆಳಗಿನಿಂದ ಬೆರಳು ಒತ್ತಿದರೆ ಮೇಲಿನಿಂದ ಆ ಬೆರಳ ತುದಿಯನ್ನು ಬಟ್ಟೆಯ ಸಮೇತ ಚಿವುಟಿ ಹಿಡಿಯಲು ಬರಬೇಕು. ದುಡಿಯ ಚರ್ಮದ ಹಾಗೆ ಬಾರಿಸಿದರೆ ಸದ್ದು ಬರುವಷ್ಟು ಬಿಗಿದರೆ ದಾರ ಪದೇ ಪದೇ ಕಡಿಯುತ್ತದೆ, ಹೊಲಿಗೆ ತಪ್ಪುತ್ತದೆ, ಚೌಕಟ್ಟಿನಿಂದ ಇಳಿಸಿದ ಮೇಲೆ ಅಡಿಬಟ್ಟೆ ತನ್ನ ಅಳತೆಗೆ ಹಿಂದಿರುಗಿ ಎಲ್ಲೆಲ್ಲೂ ಮುದುಡುತ್ತದೆ. ಪಕ್ಕದ ಕ್ಲಿಪ್ಪುಗಳೂ ಅಷ್ಟೇ, ಬಟ್ಟೆ ಜೋಲದಂತೆ ಹಿಡಿದರೆ ಸಾಕು.

ದಾರದ ಬಿಗಿಯನ್ನು ಹದಕ್ಕೆ ತರುವುದು ಕಲಿಯಲು ಹೆಚ್ಚು ದಿನ ಬೇಡುವ ವಿದ್ಯೆ. ಮೊದಲು ಬಾಬಿನ್, ಆಮೇಲೆ ಮೇಲಿನ ದಾರ. ಬಾಬಿನ್ನನ್ನು ಕೇಸಿನೊಳಗಿಟ್ಟು ದಾರದ ತುದಿ ಹಿಡಿದು ತೂಗುಬಿಡಿ. ಸೀದಾ ಕೆಳಗೆ ಓಡಿದರೆ ಸಡಿಲ. ಕೈ ಮೆಲ್ಲಗೆ ಜಗ್ಗಿದಾಗ ಒಂದೆರಡು ಇಂಚು ಇಳಿದು ನಿಂತರೆ ಸರಿ. ಕೇಸಿನ ತಿರುಪನ್ನು ಗಡಿಯಾರದ ಮುಳ್ಳು ಐದು ನಿಮಿಷ ಸರಿಯುವಷ್ಟು ಮಾತ್ರ ತಿರುಗಿಸಿ ಮತ್ತೆ ನೋಡಬೇಕು. ಆಮೇಲೆ ಪಕ್ಕದ 4 ಇಂಚಿನ ಜಾಗದಲ್ಲಿ, ಅಡಿಬಟ್ಟೆಯ ಮೇಲೆ ಹತ್ತಿಯ ಚೂರು, ಅದರ ಮೇಲೊಂದು ಬಟ್ಟೆಯ ಚೂರು ಇಟ್ಟು, ಸುರುಳಿ ಹೊಲಿದು ನೋಡಿ. ನೇರ ಗೆರೆ ಹೊಲಿದು ತೃಪ್ತಿಪಟ್ಟರೆ ಮೋಸ ಹೋಗುತ್ತೀರಿ, ಬಿಗಿಯ ದೋಷ ತಿರುವಿನಲ್ಲೇ ಹೊರಬೀಳುವುದು. ಮೇಲ್ಗಡೆ ಕೆಳದಾರ ಚುಕ್ಕಿ ಚುಕ್ಕಿಯಾಗಿ ಕಂಡರೆ ಮೇಲಿನ ದಾರ ಬಿಗಿ. ಅಡಿಯಲ್ಲಿ ಕೆಳದಾರ ಚಾಪೆಯಂತೆ ಸಪಾಟಾಗಿ ಮಲಗಿ ಬೆರಳಿಗೆ ಸಿಕ್ಕರೆ ಬಾಬಿನ್ ಬಿಗಿ, ಇಲ್ಲವೇ ಮೇಲಿನ ದಾರ ತೀರ ಸಡಿಲ. ತಿರುವುಗಳಲ್ಲಿ ಮಾತ್ರ ಅಡಿಯಲ್ಲಿ ಕಣ್ರೆಪ್ಪೆಯಂಥ ಎಳೆಗಳು ಎದ್ದಿದ್ದರೆ ಕೈಯ ವೇಗ ಹೆಚ್ಚಾಯಿತು ಎಂದರ್ಥ. ಸೂಜಿ ಬಟ್ಟೆಯೊಳಗಿರುವಾಗಲೇ ಯಂತ್ರ ಸರಿಯುವುದರಿಂದ ಸೂಜಿ ಬಾಗುತ್ತದೆ, ಹುಕ್ಕು ದಾರವನ್ನು ಹಿಡಿಯುವ ಹೊತ್ತು ತಪ್ಪುತ್ತದೆ. ಆ ಕಾರಣಕ್ಕೇ ಇಲ್ಲಿ ದಪ್ಪ ಸೂಜಿ: ಮಾಮೂಲಿಗೆ 18ನೇ ನಂಬರಿನದು (ಪೊಟ್ಟಣದಲ್ಲಿ ಎಂಆರ್ 4.0), ತೆಳು ಬಟ್ಟೆಗೆ 16ನೇ ನಂಬರಿನದು (ಎಂಆರ್ 3.5). ಈ ಸೂಜಿಯ ಬುಡ ದುಂಡಗಿರುತ್ತದೆ. ಮನೆಯ ಯಂತ್ರದ ಸೂಜಿಯ ಬುಡ ಒಂದು ಕಡೆ ಚಪ್ಪಟೆಯಾಗಿರುವುದರಿಂದ ತಪ್ಪಾಗಿ ಕೂರುವುದಿಲ್ಲ. ಇದು ಹೇಗೆ ತಿರುಗಿಸಿದರೂ ಕೂರುತ್ತದೆ! ಕಣ್ಣು ಸರಿಯಾಗಿ ಮುಂದಕ್ಕೆ, ಹಿಂದಿನ ಕಚ್ಚು ಹುಕ್ಕಿನ ಕಡೆಗೆ ಇರಬೇಕು. ಹೆಚ್ಚು ತಿರುಗಿ ಕೂತರೆ ಹೊಲಿಗೆ ಹಾರುತ್ತದೆ.

ಅಂಗಡಿಯ ಮಾಮೂಲು ಹೊಲಿಗೆ ದಾರವನ್ನು ಹಾಕಿ ದುಡ್ಡು ಉಳಿಸಬೇಡಿ. ಹೊಲಿಗೆಯಾಗಿ ಕೂರುವ ಮೊದಲು ದಾರದ ಒಂದೇ ಜಾಗ ಹತ್ತಾರು ಸಲ ಸೂಜಿಕಣ್ಣಿನಲ್ಲಿ ಹಿಂದೆಮುಂದೆ ಉಜ್ಜುತ್ತದೆ, ಜುಂಗಿನ ದಾರ ಸಿಪ್ಪೆ ಎದ್ದು ಕಡಿಯುತ್ತದೆ. 40ನೇ ನಂಬರಿನ ಪಾಲಿಯೆಸ್ಟರ್ ದಾರ ಸರಿ. ಪ್ರತಿ ಬಾಬಿನ್ ಬದಲಿಸುವಾಗ ಹುಕ್ಕಿನ ಜುಂಗನ್ನು ಬ್ರಷ್‌ನಿಂದ ತೆಗೆದು ಯಂತ್ರದ ಎಣ್ಣೆ ಒಂದು ತೊಟ್ಟು ಬಿಡಿ. ಎಣ್ಣೆ ಬಿಟ್ಟ ಮೇಲೆ ಮೊದಲು ಚಿಂದಿಯ ಮೇಲೆ ಓಡಿಸಿ.

ಇಷ್ಟೆಲ್ಲ ಎಲ್ಲ ಊರಿಗೂ ಒಂದೇ. ಕೊಡಗಿಗೆಂದೇ ಬೇರೆ ತೊಂದರೆಗಳಿವೆ. ಕಕ್ಕಡದ, ಎಂದರೆ ಜುಲೈ-ಆಗಸ್ಟಿನ, ಮಳೆಯಲ್ಲಿ ಹತ್ತಿ ಗಾಳಿಯ ತೇವ ಹೀರಿ ಭಾರವಾಗಿ ಜಗ್ಗುತ್ತದೆ. ಹಾಗೆ ಹೊಲಿದ ಹೊದಿಕೆಯನ್ನು ಮಡಿಸಿಟ್ಟರೆ ಮಡಿಕೆಯೊಳಗೆ ಬೂಷ್ಟು. ಕಾಗದದ ಮೇಲಿನ ವಿನ್ಯಾಸವನ್ನು ಲೇಸರ್ ಬೆಳಕಿನಲ್ಲಿ ಹಿಂಬಾಲಿಸಿ ಹೊಲಿಯುವ ಕ್ರಮದಲ್ಲಿ ಕಾಗದವೇ ತೇವಕ್ಕೆ ಹಿಗ್ಗಿ ಅಲೆ ಏಳುತ್ತದೆ, ಅಂಟಿಸಿದ ಹಾಳೆಗಳ ಕೂಡು ತಪ್ಪುತ್ತದೆ. ಹಳಿಗೆ ತುಕ್ಕು. ಗಂಜಿ ಹಾಕಿದ ಬಟ್ಟೆಗೆ ಬೂಷ್ಟಿನ ಜೊತೆ ಹುಳವೂ ಬರುತ್ತದೆ. ಮರ ಬಿದ್ದು ಕರೆಂಟು ಹೋದರೆ ಸೂಜಿ ನಡುಗೆರೆಯಲ್ಲಿ ನಿಲ್ಲುತ್ತದೆ, ಮತ್ತೆ ಶುರು ಮಾಡುವಾಗ ಕೆಳದಾರವನ್ನು ಮೇಲೆಳೆದು, ಹಿಂದಿನ ಗೆರೆಯ ಮೇಲೆಯೇ ಅರ್ಧ ಇಂಚು ಚಿಕ್ಕ ಹೊಲಿಗೆ ಹಾಕಿಕೊಂಡು ಮುಂದುವರಿಯಬೇಕು. ಸ್ಟೆಬಿಲೈಸರ್, ಯುಪಿಎಸ್ ಎರಡರ ಖರ್ಚನ್ನೂ ಯಂತ್ರದ ಬೆಲೆಗೆ ಸೇರಿಸಿಯೇ ಅಂದಾಜುಪಟ್ಟಿ ಬರೆಯಿರಿ. 12 ಅಡಿಯ ಚೌಕಟ್ಟಿನ ಸುತ್ತ ಜನ ಓಡಾಡಲು 16 ಅಡಿ ಉದ್ದ, 10 ಅಡಿ ಅಗಲದ ಕೋಣೆ, ಸಮತಟ್ಟಾದ ನೆಲ ಬೇಕು. ನೆಲ ವಾಲಿದ್ದರೆ ಕೈಬಿಟ್ಟ ಯಂತ್ರ ತಾನಾಗಿಯೇ ಒಂದು ಮೂಲೆಗೆ ಜಾರುತ್ತದೆ.

ಹಾಗಾಗಿ ನಮ್ಮ ಅಭಿಪ್ರಾಯ ಇಷ್ಟು. ಗುಂಪಿಗೊಂದು ಯಂತ್ರ ಬೇಡ, ಹಲವು ಗುಂಪುಗಳು ಸೇರಿ ಒಂದನ್ನು ಕೊಳ್ಳಲಿ, ಅದನ್ನು ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಇಡದೆ ಮಳೆ ಕಡಿಮೆ ಇರುವ ಕುಶಾಲನಗರದ ಕಡೆ ಇಡಲಿ. ತೋಟದ ಕೆಲಸ ನಿಂತ ಮಳೆಗಾಲದಲ್ಲಿ ಮನೆಯೊಳಗೆ ಕೂತು ತೇಪೆ ಜೋಡಿಸುವುದು ಎಲ್ಲರಿಗೂ ಸಾಧ್ಯ. ಸುಗ್ಗಿ ಹಬ್ಬ ಪುತ್ತರಿ ಕಳೆದು, ಕಾಫಿ ಹೂವರಳಿಸುವ ಹೂಮಳೆ ಬೀಳುವವರೆಗಿನ ಒಣ ದಿನಗಳಲ್ಲಿ ಎಲ್ಲರೂ ಕಾಫಿ ಕುಯ್ಲಿಗೆ ಹೋದರೂ ಚೌಕಟ್ಟಿನ ಹತ್ತಿರ ಪಳಗಿದ ಇಬ್ಬರಿದ್ದರೆ ಸಾಕು. ಜೋಡಿಸಿದ ಮೇಲ್ಬಟ್ಟೆಗಳನ್ನು ಅಲ್ಲಿಯವರೆಗೆ ಮಡಿಸದೆ ಕೋಲಿಗೆ ಸುತ್ತಿಡಿ. ಹೊಗೆಯಾಡುವ ಒಲೆಯ ಅಟ್ಟದ ಮೇಲೆ ಮಾತ್ರ ಬೇಡ, ಆ ವಾಸನೆ ಎರಡು ಒಗೆತಕ್ಕೂ ಹೋಗುವುದಿಲ್ಲ.

ಎಲ್ಲ ಕೌದಿಗೂ ಈ ಯಂತ್ರ ಒಗ್ಗುವುದಿಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕವಂದಿ ಎಂಬ ಕೌದಿ ಅಂಚಿನಿಂದ ಶುರುವಾಗಿ ಸುತ್ತು ಸುತ್ತಾಗಿ ನಡುವಿನ ಕಡೆಗೆ ಸಾಗುತ್ತದೆ. ತೇಪೆ ಇಡುವುದೂ ಹೊಲಿಯುವುದೂ ಒಟ್ಟಿಗೇ. ಅಲ್ಲಿ ಬೇರೆಯಾದ ಮೇಲ್ಬಟ್ಟೆ ಎಂಬುದೇ ಇಲ್ಲ, ಯಂತ್ರಕ್ಕೆ ಏರಿಸುವುದಾದರೂ ಏನನ್ನು? ಬಯಲುಸೀಮೆಯ ಕೌದಿಯಲ್ಲಿ ಹಳೆಯ ಸೀರೆಯ ಪದರಗಳೇ ಹತ್ತಿಯ ಜಾಗದಲ್ಲಿರುತ್ತವೆ. ಸವೆದ ಸೀರೆಗೆ ಇಂಚಿಗೆ ಹತ್ತರಂತೆ ದಪ್ಪ ಸೂಜಿ ಚುಚ್ಚಿದರೆ ಅಂಚೆಚೀಟಿಯ ಅಂಚಿನ ಹಾಗೆ ತೂತಿನ ಗುಂಟವೇ ಹರಿಯುತ್ತದೆ. ಹಳೆಯ ಸೀರೆಯನ್ನು ಬಳಸಲೇಬೇಕೆಂದರೆ ಸೂಜಿ 16, ಇಂಚಿಗೆ 8 ಹೊಲಿಗೆ, ವಿರಳ ವಿನ್ಯಾಸ. ಅದಕ್ಕಿಂತ ಕೈಯಲ್ಲೇ ಹೊಲಿಯುವುದು ಲೇಸು.

ಕೊನೆಗೆ ಮಾರಾಟದ ಮಾತು. ಯಂತ್ರದಲ್ಲಿ ಹೊಲಿದದ್ದಕ್ಕೆ "ಕೈಯಲ್ಲಿ ಮಾಡಿದ್ದು" ಎಂಬ ಚೀಟಿ ಅಂಟಿಸಿದರೆ ಪೂರ್ತಿ ಕೈಯಲ್ಲಿ ಹೊಲಿಯುವವರ ಬೆಲೆಯನ್ನು ನಾವೇ ಇಳಿಸಿದ ಹಾಗೆ. ಅಮೆರಿಕದ ಕೆಂಟಕಿ ರಾಜ್ಯದ ಪಡೂಕಾದಲ್ಲಿ ನಡೆಯುವ ಕ್ವಿಲ್ಟ್ (ಹತ್ತಿ ತುಂಬಿದ ಹೊದಿಕೆ) ಸ್ಪರ್ಧೆಯ ಒಟ್ಟಾರೆ ಅತ್ಯುತ್ತಮ ಬಹುಮಾನ 1989ರಲ್ಲಿ ಮೊತ್ತಮೊದಲಿಗೆ ಯಂತ್ರದಲ್ಲಿ ಹೊಲಿದ ಕ್ವಿಲ್ಟಿಗೆ, ಕ್ಯಾರಿಲ್ ಬ್ರೈಯರ್ ಫ್ಯಾಲರ್ಟ್ ಅವರ ಕೆಲಸಕ್ಕೆ, ಸಂದಾಗ ಕೈಹೊಲಿಗೆಯವರು ದೊಡ್ಡ ತಕರಾರೆತ್ತಿದ್ದರು. ಈಗ ಅಲ್ಲಿ ಕೈಹೊಲಿಗೆ, ಮೇಜಿನ ಯಂತ್ರ, ಲಾಂಗ್‌ಆರ್ಮ್ ಇವಕ್ಕೆ ಬೇರೆ ಬೇರೆ ಬಹುಮಾನ. ನಮ್ಮ ಚೀಟಿಯಲ್ಲೂ ತೇಪೆ ಜೋಡಣೆ ಕೈಯದೋ ಯಂತ್ರದ್ದೋ, ಮೇಲಿನ ಹೊಲಿಗೆ ಯಾವುದರದು, ಒಳಗಿನ ಹತ್ತಿ ಯಾವ ಬಗೆಯದು, ಒಗೆದರೆ ಎಷ್ಟು ಕುಗ್ಗೀತು ಎಂಬ ನಾಲ್ಕು ಸಾಲು ಇರಲಿ. ಹೊಲಿಗೆಯ ಕೂಲಿಯನ್ನು ಹೊದಿಕೆಗಿಷ್ಟು ಎನ್ನದೆ ಚದರ ಇಂಚಿನ ಲೆಕ್ಕದಲ್ಲಿ ಗೊತ್ತುಮಾಡಿ. 60ಕ್ಕೆ 90 ಎಂದರೆ 5,400 ಚದರ ಇಂಚು, ವಿರಳ ಬಳ್ಳಿಗೆ ಒಂದು ದರ, ಒತ್ತಾದ ಹೂವಿಗೆ ಇನ್ನೊಂದು. ದಾರ, ಬ್ಯಾಟಿಂಗ್, ಅಂಚು ಕಟ್ಟುವುದು ಇವು ಬೇರೆ ಬೇರೆ ಸಾಲಿನಲ್ಲಿ ಬರಲಿ.

ಇಂತಿ,
ಕೌದಿ ಕೆಲಸದಲ್ಲಿರುವ ಕೆಲವರು
ಕುಶಾಲನಗರ, ಕೊಡಗು